ಉದುರಿದ ಹಣ್ಣು ಆರಿಸೋಣ



ಬೇಸಿಗೆ ಬಂತು ಅಂದರೆ ಮಾವಿನ ಸುಗ್ಗಿ. ಧಾರವಾಡದ ಆಪೂಸ್ ಹಣ್ಣು ಯಾರಿಗೆ ಗೊತ್ತಿಲ್ಲ? ನಮ್ಮ ಹೆಬ್ಬಳ್ಳಿ ಎರಿ ಹೊಲದ ಊರು. ಜೋಳ, ಕಡಲಿ, ಹತ್ತಿ ನಮ್ಮ ಬೆಳೆ. ಧಾರವಾಡ ದಾಟಿ ಪಡುವಣಕ್ಕೆ ಹೋದರೆ ಕೆಂಪು ಮಸಾರಿ ಮಣ್ಣು ಸಿಗುತ್ತದೆ. ಅಲ್ಲಿ ಕೆಲಗೇರಿ, ಕಲಕೇರಿ ಕಡೆ ಮಾವಿನ ತೋಟಗಳಿವೆ. ನಮ್ಮ ಓದುಗ ಅಕ್ಕಂದಿರಲ್ಲಿ ಕೆಲವರು ಅಲ್ಲಿಗೆ ಕೂಲಿಗೆ ಹೋಗುತ್ತಾರೆ. ಕೆಲವರು ಗಿಡಗಳನ್ನು ಗುತ್ತಿಗೆ ಹಿಡಿಯುತ್ತಾರೆ. ಮನೆಯ ಹಿತ್ತಲಲ್ಲಿ ಒಂದು ಮಾವು, ಒಂದು ಪೇರಲ ಇಟ್ಟುಕೊಂಡವರೂ ಇದ್ದಾರೆ.

ಈ ಪಾಠ ಅವರೆಲ್ಲರಿಗಾಗಿ. ಹಣ್ಣು ತಿನ್ನುವವರಿಗೂ ಇದು ಬೇಕು.

ಸಂಜೆಯ ಪಾಠದಲ್ಲಿ ಒಂದು ಹಣ್ಣು

ಒಂದು ಬೇಸಿಗೆಯ ಸಂಜೆ. ಬಸವ ಜಯಂತಿ ಮುಗಿದು ನಾಲ್ಕೈದು ದಿನ ಆಗಿತ್ತು. ನಾವು ಕಲಿಕಾ ಕೇಂದ್ರದಲ್ಲಿ ಪಾಠ ಶುರು ಮಾಡಿದ್ದೆವು. ಒಬ್ಬ ಅಕ್ಕ ತಡವಾಗಿ ಬಂದರು. ಮುಖ ಬಾಡಿತ್ತು. ಸೆರಗಿನಲ್ಲಿ ಒಂದು ಮಾವಿನ ಹಣ್ಣು ಇತ್ತು. ಅದನ್ನು ನಮ್ಮ ಮುಂದೆ ಇಟ್ಟರು.

"ಕೊಯ್ದು ನೋಡ್ರಿ ಅಕ್ಕೋರ" ಅಂದರು.

ಕೊಯ್ದು ನೋಡಿದೆವು. ಹೊರಗೆ ಬಂಗಾರದ ಬಣ್ಣ. ಒಳಗೆ ತಿರುಳು ಕೊಳೆತು ನೀರಾಗಿತ್ತು. ಬಿಳಿ ಹುಳಗಳು ಮಿಜಿಮಿಜಿ ಅನ್ನುತ್ತಿದ್ದವು.

ಆ ಅಕ್ಕ ಮತ್ತು ಅವರ ನೆಗೆಣ್ಣಿ ಕೂಡಿ ಇಪ್ಪತ್ತು ಗಿಡ ಗುತ್ತಿಗೆ ಹಿಡಿದಿದ್ದರು. ಅದಕ್ಕೆ ಸಂಘದಲ್ಲಿ ಸಾಲ ತೆಗೆದಿದ್ದರು. ಮೊದಲ ಕೊಯ್ಲಿನ ಹಣ್ಣು ಪೇಟೆಗೆ ಹೋಯಿತು. ದಲಾಲರು ನಾಲ್ಕು ಹಣ್ಣು ಕೊಯ್ದು ನೋಡಿದರು. ಎರಡರಲ್ಲಿ ಹುಳ ಇತ್ತು. ಅರ್ಧ ದರಕ್ಕೂ ಕೇಳಲಿಲ್ಲ.

"ಸಿಪ್ಪಿ ಮ್ಯಾಲ ಒಂದು ತೂತಿಲ್ಲ. ಹುಳ ಒಳಗ ಹೆಂಗ ಹೊಕ್ಕವ್ರಿ?" ಎಂದು ಆ ಅಕ್ಕ ಕೇಳಿದರು.

ಪಕ್ಕದಲ್ಲಿ ಕೂತಿದ್ದ ಅಜ್ಜಿ ಹೇಳಿದರು: "ಅಡ್ಡಮಳಿ ಬಿತ್ತಂದ್ರ ಹಣ್ಣಿಗೆ ಹುಳ ಬೀಳ್ತಾವ ತಂಗಿ. ಅದು ನಮ್ಮ ಹಣೇಬಾರ."

ಇದು ಹಣೇಬಾರವೇ? ಬನ್ನಿ, ತಿಳಿಯೋಣ.

ಹುಳ ಎಲ್ಲಿಂದ ಬಂತು?

ಮಳೆ ಹುಳವನ್ನು ತರುವುದಿಲ್ಲ. ಹುಳವನ್ನು ತರುವುದು ಒಂದು ನೊಣ. ಅದರ ಹೆಸರು ಹಣ್ಣು ನೊಣ. ನೋಡಲು ಮನೆಯ ನೊಣದಷ್ಟೇ ಇರುತ್ತದೆ. ಮೈ ಕಂದು ಬಣ್ಣ. ಮೈಮೇಲೆ ಹಳದಿ ಗುರುತು. ರೆಕ್ಕೆ ತಿಳಿಯಾಗಿ ಹೊಳೆಯುತ್ತವೆ.

ಹೆಣ್ಣು ನೊಣದ ಹಿಂಭಾಗದಲ್ಲಿ ಸೂಜಿಯಂಥ ಒಂದು ಕೊಂಡಿ ಇರುತ್ತದೆ. ಕಾಯಿ ಬಲಿತು ಪಾಡಿಗೆ ಬರುವಾಗ ಅದು ಸಿಪ್ಪೆಯನ್ನು ಚುಚ್ಚುತ್ತದೆ. ಒಳಗೆ ತತ್ತಿ ಇಡುತ್ತದೆ. ಚುಚ್ಚಿದ ಗುರುತು ಸೂಜಿ ಮೊನೆಯಷ್ಟು. ಅಲ್ಲಿ ಕೆಲವೊಮ್ಮೆ ಒಂದು ಹನಿ ರಸ ಒಸರುತ್ತದೆ. ಕಣ್ಣಿಟ್ಟು ನೋಡಿದರೆ ಮಾತ್ರ ಕಾಣುತ್ತದೆ.

ಒಂದೆರಡು ದಿನದಲ್ಲಿ ತತ್ತಿ ಒಡೆದು ಹುಳ ಆಗುತ್ತದೆ. ಹುಳ ವಾರದ ಮೇಲೆ ಒಳಗೇ ಇದ್ದು ತಿರುಳು ತಿನ್ನುತ್ತದೆ. ಹಣ್ಣು ಕೊಳೆಯುತ್ತದೆ. ತೊಟ್ಟು ಕಳಚಿ ಕೆಳಗೆ ಬೀಳುತ್ತದೆ.

ಇಲ್ಲಿಯೇ ನಾವು ತಪ್ಪುತ್ತೇವೆ. ಬಿದ್ದ ಹಣ್ಣು ಕೆಟ್ಟಿತು ಅಂತ ಅಲ್ಲೇ ಬಿಡುತ್ತೇವೆ. ಹುಳಕ್ಕೆ ಬೇಕಾದದ್ದೂ ಅದೇ. ಅದು ಹಣ್ಣಿನಿಂದ ಹೊರಗೆ ಬರುತ್ತದೆ. ಚಂಗನೆ ಜಿಗಿದು ಮಣ್ಣು ಸೇರುತ್ತದೆ. ಒಂದೆರಡು ಇಂಚು ಕೆಳಗೆ ಹೋಗಿ ಕೋಶ ಆಗುತ್ತದೆ. ಕೋಶ ಕಂದು ಬಣ್ಣದ್ದು. ಸಣ್ಣ ಗೋಧಿ ಕಾಳಿನಂತೆ ಕಾಣುತ್ತದೆ. ಸುಮಾರು ಹತ್ತು ದಿನಕ್ಕೆ ಕೋಶ ಒಡೆದು ಹೊಸ ನೊಣ ಹಾರುತ್ತದೆ. ಅದು ಮತ್ತೆ ಮೇಲಿನ ಹಣ್ಣಿಗೆ ಚುಚ್ಚುತ್ತದೆ.

ನೆನಪಿಡಿ: ನೊಣ, ತತ್ತಿ, ಹುಳ, ಉದುರಿದ ಹಣ್ಣು, ಮಣ್ಣು, ಮತ್ತೆ ನೊಣ. ಇದು ಒಂದು ಸರಪಳಿ. ಸುಮಾರು ಒಂದು ತಿಂಗಳಲ್ಲಿ ಒಂದು ಸುತ್ತು ಮುಗಿಯುತ್ತದೆ.

ಅಜ್ಜಿ ಹೇಳಿದ ಮಾತಿನಲ್ಲಿಯೂ ಅರ್ಧ ನಿಜ ಇದೆ. ಅಡ್ಡಮಳೆ ಬಿದ್ದಾಗ ಮಣ್ಣು ಹಸಿಯಾಗುತ್ತದೆ. ಕೋಶದಿಂದ ನೊಣ ಏಳಲು ಅನುಕೂಲ ಆಗುತ್ತದೆ. ಆದ್ದರಿಂದ ರೋಹಿಣಿ ಮಳೆಯ ಹೊತ್ತಿಗೆ ಹುಳದ ಕಾಟ ಹೆಚ್ಚು. ಆದರೆ ಆ ನೊಣ ಎದ್ದದ್ದು ನಾವು ಬಿಟ್ಟ ಹಣ್ಣಿನಿಂದ.

ಇನ್ನೊಂದು ಮಾತು. ಕೆಟ್ಟ ಹಣ್ಣೆಲ್ಲ ನೊಣದ್ದಲ್ಲ. ಆಪೂಸ್ ಹಣ್ಣಿನಲ್ಲಿ ಕೆಲವೊಮ್ಮೆ ತಿರುಳು ಬೆಳ್ಳಗೆ, ಬೆಂಡಿನಂತೆ ಆಗಿರುತ್ತದೆ. ಹುಳ ಇರುವುದಿಲ್ಲ. ಅದು ಹುಳದಿಂದ ಬಂದದ್ದಲ್ಲ. ಇನ್ನು ಕೆಲವು ಹಣ್ಣಿನ ವಾಟೆಯೊಳಗೆ ಒಂದು ಕಪ್ಪು ಕೀಟ ಕೂತಿರುತ್ತದೆ. ಅದು ವಾಟೆ ಕೊರೆಯುವ ಹುಳ. ಕಾಯಿ ಎಳೆಯದು ಇದ್ದಾಗಲೇ ಅದು ಒಳಗೆ ಸೇರುತ್ತದೆ. ಅದಕ್ಕಾಗಿ ತಿಂದು ಎಸೆದ ವಾಟೆಯನ್ನೂ ತೋಟದಲ್ಲಿ ಬಿಡಬಾರದು.

ಎಣ್ಣಿ ಹೊಡೆದರೆ ಆಗದೇ?

ಪಾಠ ಇಲ್ಲಿಗೆ ಬಂದಾಗ ಆ ಅಕ್ಕ ಚೀಲದಿಂದ ಒಂದು ಬಾಟಲಿ ತೆಗೆದರು. ಅದರ ಜೊತೆ ಮಡಚಿದ ಒಂದು ಕಾಗದ ಇತ್ತು.

"ಹತ್ತಿಗೆ ತಂದ ಎಣ್ಣಿ ಉಳದೈತ್ರಿ. ನಾಳೆ ಮಾವಿಗೆ ಹೊಡಿಯೂಣು ಅಂತಾರ ಮನ್ಯಾಗ. ಇನ್ನ ಎಂಟು ದಿನಕ್ಕ ಎರಡನೇ ಕೊಯ್ಲು ಐತಿ."

"ಆ ಕಾಗದ ನೀವ ಓದ್ರಿ" ಎಂದೆವು ನಾವು.

ಅವರು ದೀಪದ ಹತ್ತಿರ ಸರಿದರು. ಬೆರಳಿಟ್ಟು ಓದಿದರು. "ವಿ... ಷ. ವಿಷ." ಸ್ವಲ್ಪ ಕೆಳಗೆ ಬಂದರು. "ಬೆಳೆ... ಹತ್ತಿ." ಮತ್ತೆ ಹುಡುಕಿದರು. ಕಾಗದ ತಿರುವಿ ನೋಡಿದರು. ಆಮೇಲೆ ತಲೆ ಎತ್ತಿ ಹೇಳಿದರು:

"ಅಕ್ಕೋರ, ಇದರಾಗ ಮಾವು ಅಂತ ಎಲ್ಲೂ ಇಲ್ಲಲ್ರಿ!"

ಹೌದು. ಯಾವ ಔಷಧಿ ಯಾವ ಬೆಳೆಗೆ ಎಂದು ಅದರ ಕಾಗದದಲ್ಲಿ ಬರೆದಿರುತ್ತದೆ. ಎಷ್ಟು ನೀರಿಗೆ ಎಷ್ಟು ಬೆರೆಸಬೇಕು ಎಂದಿರುತ್ತದೆ. ಹೊಡೆದ ಮೇಲೆ ಎಷ್ಟು ದಿನ ಬಿಟ್ಟು ಕೊಯ್ಯಬೇಕು ಎಂದೂ ಇರುತ್ತದೆ. ಆ ದಿನ ತುಂಬುವ ಮೊದಲು ಕೊಯ್ದರೆ ವಿಷ ಹಣ್ಣಿನ ಜೊತೆ ಪೇಟೆಗೆ ಹೋಗುತ್ತದೆ. ನಮ್ಮ ಮಕ್ಕಳ ಬಾಯಿಗೂ ಬರುತ್ತದೆ.

ಇನ್ನೂ ಒಂದು ಸಂಗತಿ. ಹುಳ ಹಣ್ಣಿನ ಒಳಗೆ ಇದೆ. ಎಣ್ಣಿ ಬೀಳುವುದು ಸಿಪ್ಪೆಯ ಮೇಲೆ. ಒಳಗಿನ ಹುಳಕ್ಕೆ ಅದು ತಾಗುವುದಿಲ್ಲ. ರೊಕ್ಕ ಹೋಯಿತು. ಹುಳ ಉಳಿಯಿತು.

ಬಾಟಲಿಯ ಮೇಲೆ ಓರೆಯಾಗಿ ನಿಂತ ಒಂದು ಚೌಕ ಇರುತ್ತದೆ. ಅದರ ಕೆಳಗಿನ ಅರ್ಧಕ್ಕೆ ಬಣ್ಣ ಬಳಿದಿರುತ್ತಾರೆ. ಬಣ್ಣದ ಅರ್ಥ ಹೀಗಿದೆ:

ಕೆಂಪು: ಅತಿ ಘೋರ ವಿಷ.
ಹಳದಿ: ಹೆಚ್ಚು ವಿಷ.
ನೀಲಿ: ಮಧ್ಯಮ ವಿಷ.
ಹಸಿರು: ಕಡಿಮೆ ವಿಷ.

ಹಸಿರು ಇದ್ದರೂ ಅದು ವಿಷವೇ. ಮರೆಯಬೇಡಿ.

ಎಣ್ಣಿ ಹೊಡೆಯುವವರು ಗಂಡಸರು ಇರಬಹುದು. ಆದರೆ ನೀರು ಹೊತ್ತು ಕೊಡುವವರು ನಾವು. ಅವರ ಅಂಗಿ ಒಗೆಯುವವರು ನಾವು. ಖಾಲಿ ಬಾಟಲಿ ತೊಳೆದು ಅಡಿಗೆ ಎಣ್ಣೆ ಹಾಕಿ ಇಡುವವರೂ ಕೆಲವರು ಇದ್ದಾರೆ. ಹಾಗೆ ಎಂದಿಗೂ ಮಾಡಬಾರದು. ಎಣ್ಣಿ ಹೊಡೆದ ಬಟ್ಟೆಯನ್ನು ಮಕ್ಕಳ ಬಟ್ಟೆಯ ಜೊತೆ ನೆನೆಸಬಾರದು.

ಕಾಸರಗೋಡಿನ ಗೇರು ತೋಟದ ಕಥೆ

ಒಂದು ಕೀಟಕ್ಕೆ ಹೆದರಿ ವಿಷ ಸುರಿದರೆ ಏನಾಗುತ್ತದೆ? ಇದಕ್ಕೆ ಒಂದು ನಡೆದ ಕಥೆ ಇದೆ.

ಕಾಸರಗೋಡು ಕೇರಳದಲ್ಲಿದೆ. ಅಲ್ಲಿ ಕನ್ನಡ ಮಾತಾಡುವ ಜನ ಬಹಳ. ಪಡ್ರೆ ಎಂಬ ಊರು ಅಲ್ಲಿಯದು. ಅಲ್ಲಿನ ಗುಡ್ಡಗಳ ಮೇಲೆ ದೊಡ್ಡ ಗೇರು ತೋಟಗಳಿವೆ. ಗೇರು ಅಂದರೆ ನಮ್ಮ ಗೋಡಂಬಿ. ಗೇರು ಹೂವಿಗೆ ಒಂದು ಸೊಳ್ಳೆಯಂಥ ಕೀಟ ಬೀಳುತ್ತದೆ. ಅದನ್ನು ಕೊಲ್ಲಲು ಎಂಡೋಸಲ್ಫಾನ್ ಎಂಬ ವಿಷವನ್ನು ಹೆಲಿಕಾಪ್ಟರಿನಿಂದ ಸಿಂಪಡಿಸಿದರು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹೀಗೆ ನಡೆಯಿತು. 2000ದವರೆಗೂ ನಡೆಯಿತು.

ವಿಷ ಗಿಡದ ಮೇಲಷ್ಟೇ ಬೀಳಲಿಲ್ಲ. ಬಾವಿಗೆ ಬಿತ್ತು. ಹಳ್ಳಕ್ಕೆ ಬಿತ್ತು. ಮನೆಯ ಮೇಲೂ ಬಿತ್ತು. ಜನ ಕಾಯಿಲೆ ಬಿದ್ದರು. ಕೈಕಾಲು ಸರಿ ಇಲ್ಲದ, ಬುದ್ಧಿ ಬೆಳೆಯದ ಮಕ್ಕಳನ್ನು ಎತ್ತಿಕೊಂಡು ತಾಯಂದಿರು ನ್ಯಾಯ ಕೇಳಿದರು. ಕೇರಳ ಸರ್ಕಾರ ಸಾವಿರಾರು ಜನರನ್ನು ಬಾಧಿತರು ಎಂದು ಪಟ್ಟಿ ಮಾಡಿತು. 2011ರ ಮೇ 13ರಂದು ಸುಪ್ರೀಂ ಕೋರ್ಟು ಆದೇಶ ಕೊಟ್ಟಿತು. ಇಡೀ ದೇಶದಲ್ಲಿ ಆ ವಿಷದ ತಯಾರಿ, ಮಾರಾಟ, ಬಳಕೆ ನಿಂತವು.

ಔಷಧಿ ಬೇಡವೇ ಬೇಡ ಎಂದು ನಾವು ಹೇಳುತ್ತಿಲ್ಲ. ಮೊದಲು ಕೈಯಿಂದ ಆಗುವ ಕೆಲಸ ಮಾಡೋಣ. ಅದರಿಂದ ಆಗದಿದ್ದರೆ ತೋಟಗಾರಿಕೆ ಇಲಾಖೆಯವರನ್ನು ಕೇಳೋಣ. ಅವರು ಹೇಳಿದ್ದನ್ನು, ಹೇಳಿದಷ್ಟನ್ನೇ ಬಳಸೋಣ.

ನಮ್ಮ ಕೈಯಲ್ಲಿರುವ ಐದು ಕೆಲಸ

ಸರಪಳಿಯ ಒಂದು ಕೊಂಡಿ ಕಡಿದರೆ ಸಾಕು. ಸರಪಳಿ ಬಿಡುತ್ತದೆ. ಅತಿ ಸುಲಭದ ಕೊಂಡಿ ಯಾವುದು? ಉದುರಿದ ಹಣ್ಣು.

1. ಆರಿಸುವುದು. ದಿನಾಲೂ ಬೆಳಿಗ್ಗೆ ಗಿಡದ ಕೆಳಗೆ ಬಿದ್ದ ಹಣ್ಣು ಆರಿಸಿರಿ. ಒಂದು ದಿನವೂ ಬಿಡಬೇಡಿ. ಗಾಳಿಗೆ ಬಿದ್ದ ಗಟ್ಟಿ ಕಾಯಿ ಉಪ್ಪಿನಕಾಯಿಗೆ ಬರುತ್ತದೆ. ಮೆತ್ತಗಾದದ್ದು, ರಸ ಒಸರುವುದು, ಕೊಳೆತದ್ದು ಬೇರೆ ಬುಟ್ಟಿಗೆ ಹಾಕಿರಿ.

2. ಹೂಳುವುದು. ಕೆಟ್ಟ ಹಣ್ಣನ್ನು ತಿಪ್ಪೆಗೆ ಎಸೆಯಬೇಡಿ. ತಿಪ್ಪೆಯಲ್ಲೂ ಹುಳ ಬದುಕುತ್ತದೆ. ಎರಡು ಅಡಿ ಆಳದ ತಗ್ಗು ತೋಡಿರಿ. ಹಣ್ಣು ಹಾಕಿ ಮೇಲೆ ಮಣ್ಣು ಎಳೆದು ತುಳಿಯಿರಿ. ತಗ್ಗು ತೋಡಲು ಆಗದಿದ್ದರೆ ಹರಿಯದ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿರಿ. ಬಾಯಿ ಬಿಗಿದು ಬಿಸಿಲಿಗೆ ಇಡಿರಿ. ಒಳಗಿನ ಕಾವಿಗೆ ಹುಳ ಸಾಯುತ್ತದೆ.

3. ಮಣ್ಣು ಕೆದರುವುದು. ಗಿಡದ ನೆರಳು ಬೀಳುವಷ್ಟು ಜಾಗದಲ್ಲಿ ಕುರ್ಪಿಯಿಂದ ಮೇಲಿನ ಮಣ್ಣು ಕೆದರಿರಿ. ಕೋಶ ಮೇಲೆ ಬರುತ್ತದೆ. ಬಿಸಿಲಿಗೆ ಒಣಗುತ್ತದೆ. ಕೋಳಿ, ಇರುವೆ, ಹಕ್ಕಿ ತಿನ್ನುತ್ತವೆ. ಬೇರಿಗೆ ಪೆಟ್ಟು ಬೀಳದಂತೆ ಮೇಲೆ ಮೇಲೆ ಕೆದರಿದರೆ ಸಾಕು.

4. ಹೊತ್ತಿಗೆ ಸರಿಯಾಗಿ ಕೊಯ್ಯುವುದು. ಹಣ್ಣು ಗಿಡದಲ್ಲೇ ಪೂರಾ ಹಣ್ಣಾಗಲು ಬಿಡಬೇಡಿ. ಹಣ್ಣಿನ ವಾಸನೆಗೆ ನೊಣ ಮುಗಿಬೀಳುತ್ತವೆ. ಬಲಿತ ಕಾಯಿಯನ್ನು ತೊಟ್ಟಿನ ಸಮೇತ ಕೊಯ್ಯಿರಿ. ಮನೆಯಲ್ಲಿ ಹುಲ್ಲಿನಲ್ಲಿ ಅಡಿ ಹಾಕಿರಿ.

5. ಬಲೆ ಕಟ್ಟುವುದು. ಇದನ್ನು ಸ್ವಲ್ಪ ವಿವರವಾಗಿ ತಿಳಿಯೋಣ.

ಗಂಡು ನೊಣಕ್ಕೆ ಬಲೆ

ನಮ್ಮ ತುಳಸಿಯಲ್ಲಿ ಒಂದು ವಾಸನೆಯ ಅಂಶ ಇದೆ. ಅದರ ಹೆಸರು ಮೀಥೈಲ್ ಯೂಜಿನಾಲ್. ಮಾವಿನ ಗಂಡು ನೊಣಕ್ಕೆ ಆ ವಾಸನೆ ಕಂಡರೆ ಹುಚ್ಚು. ದೂರದಿಂದ ಹಾರಿ ಬರುತ್ತದೆ.

ಈ ವಾಸನೆಯಲ್ಲಿ ಅದ್ದಿದ ಕಟ್ಟಿಗೆಯ ತುಂಡು ಇರುವ ಡಬ್ಬಿ ಅಂಗಡಿಯಲ್ಲಿ ಸಿಗುತ್ತದೆ. ಅದಕ್ಕೆ ಹಣ್ಣು ನೊಣದ ಬಲೆ ಅನ್ನುತ್ತಾರೆ. ಮೋಹಕ ಬಲೆ ಎಂದೂ ಹೇಳುತ್ತಾರೆ. ಗಂಡು ನೊಣ ಒಳಗೆ ಬರುತ್ತದೆ. ಅಲ್ಲೇ ಸಾಯುತ್ತದೆ. ಗಂಡು ಇಲ್ಲದೆ ಹೆಣ್ಣು ನೊಣ ಇಟ್ಟ ತತ್ತಿ ಒಡೆಯುವುದಿಲ್ಲ. ಹುಳ ಹುಟ್ಟುವುದಿಲ್ಲ.

ಕಾಯಿ ನಿಂಬೆ ಗಾತ್ರ ದಾಟಿದ ಮೇಲೆ ಬಲೆ ಕಟ್ಟಿರಿ. ಕೊಯ್ಲಿಗೆ ಒಂದೂವರೆ, ಎರಡು ತಿಂಗಳು ಮೊದಲೇ ಕಟ್ಟಬೇಕು. ಒಂದು ಎಕರೆಗೆ ಆರರಿಂದ ಎಂಟು ಬಲೆ ಸಾಕು. ನಮ್ಮ ತಲೆಯ ಎತ್ತರಕ್ಕೆ, ನೆರಳಿರುವ ಟೊಂಗೆಗೆ ಕಟ್ಟಿರಿ. ಒಳಗಿನ ತುಂಡಿನಲ್ಲಿ ವಿಷವೂ ಇರುತ್ತದೆ. ಬರಿಗೈಯಿಂದ ಮುಟ್ಟಬೇಡಿ. ಮಕ್ಕಳ ಕೈಗೆ ಕೊಡಬೇಡಿ. ಎಷ್ಟು ದಿನಕ್ಕೆ ತುಂಡು ಬದಲಿಸಬೇಕು ಎಂದು ಪೊಟ್ಟಣದ ಮೇಲೆ ಓದಿರಿ.

ಕೊಳ್ಳುವಾಗಲೂ ಓದಿಯೇ ಕೊಳ್ಳಿರಿ. ಹಾಗಲ, ಹೀರೆ, ಸೌತೆಗೆ ಬರುವ ನೊಣ ಬೇರೆ. ಅದರ ಬಲೆಯ ವಾಸನೆಯೂ ಬೇರೆ. ಆ ಬಲೆ ತಂದು ಮಾವಿಗೆ ಕಟ್ಟಿದರೆ ರೊಕ್ಕ ದಂಡ.

ಬಲೆ ಕಟ್ಟಿದೆವು ಅಂತ ಸುಮ್ಮನೆ ಕೂಡಬಾರದು. ಬಲೆಗೆ ಬೀಳುವುದು ಗಂಡು ನೊಣ ಮಾತ್ರ. ಚುಚ್ಚುವುದು ಹೆಣ್ಣು. ಆದ್ದರಿಂದ ಬಲೆಯೂ ಬೇಕು, ಬಿದ್ದ ಹಣ್ಣು ಆರಿಸುವುದೂ ಬೇಕು.

ಒಬ್ಬರಿಂದ ಆಗದು

ನೊಣಕ್ಕೆ ಬದು ಇಲ್ಲ, ಬೇಲಿ ಇಲ್ಲ. ನಾವು ಒಬ್ಬರೇ ಆರಿಸಿದರೆ ಮಗ್ಗಲ ತೋಟದ ನೊಣ ಹಾರಿ ಬರುತ್ತದೆ. ಮಾವು ಮುಗಿದ ಮೇಲೂ ಅದು ಸಾಯುವುದಿಲ್ಲ. ಮಳೆಗಾಲದ ಪೇರಲ ಹಣ್ಣಿಗೆ ಹೋಗಿ ಕೂಡುತ್ತದೆ. ಅದಕ್ಕೇ ಪೇರಲ ಗಿಡದ ಕೆಳಗೂ ಆರಿಸಬೇಕು.

ಈ ನೊಣ ದೇಶಕ್ಕೇ ಪೆಟ್ಟು ಕೊಟ್ಟದ್ದೂ ಉಂಟು. ನಮ್ಮ ಮಾವು ಯುರೋಪಿಗೆ ಹೋಗುತ್ತದೆ. 2013ರಲ್ಲಿ ಭಾರತದಿಂದ ಅಲ್ಲಿಗೆ ಹೋದ ಹಣ್ಣು, ತರಕಾರಿಯ 207 ಸರಕುಗಳಲ್ಲಿ ಹಣ್ಣು ನೊಣ ಮತ್ತು ಬೇರೆ ಕೀಟಗಳು ಸಿಕ್ಕವು. 2014ರ ಮೇ 1ರಿಂದ ಅಲ್ಲಿನ 28 ದೇಶಗಳು ಭಾರತದ ಮಾವು ಬೇಡ ಎಂದವು. ಸುಗ್ಗಿಯ ಹೊತ್ತಿಗೇ ಬಾಗಿಲು ಹಾಕಿತು. ಆಮೇಲೆ ಇಲ್ಲಿ ತಪಾಸಣೆ ಬಿಗಿ ಮಾಡಿದರು. 2015ರ ಜನವರಿಯಲ್ಲಿ ಆ ನಿಷೇಧ ತೆಗೆದರು. ನೋಡಿ, ಒಂದು ಸಣ್ಣ ನೊಣ ಎಲ್ಲಿಯ ತನಕ ಹೋಯಿತು!

ಆ ಅಕ್ಕ ಏನು ಮಾಡಿದರು?

ಆ ಅಕ್ಕ ಅಂದು ರಾತ್ರಿ ಬಾಟಲಿಯ ಕಾಗದವನ್ನು ಮನೆಯವರ ಮುಂದೆ ಗಟ್ಟಿಯಾಗಿ ಓದಿದರು. ಯಜಮಾನರು ಮೊದಲು ಸಿಟ್ಟಾದರು.

"ನಾಲ್ಕು ಅಕ್ಷರ ಕಲ್ತು ನನಗ ಬುದ್ಧಿ ಹೇಳಾಕ ಬಂದಿ?" ಅಂದರು.

ಅಕ್ಕ ಸಿಟ್ಟಾಗಲಿಲ್ಲ. "ನಾ ಹೇಳಾಕತ್ತಿಲ್ಲ. ಕಾಗದ ಹೇಳಾಕತ್ತೈತಿ. ನೀವೂ ಕೇಳ್ರಿ" ಅಂದರು. ಮತ್ತೊಮ್ಮೆ ಓದಿದರು. ಯಜಮಾನರು ಸುಮ್ಮನಾದರು. ಮರುದಿನ ಎಣ್ಣಿ ಹೊಡೆಯಲಿಲ್ಲ.

ನೆಗೆಣ್ಣಿಯರು ಇಬ್ಬರೂ ಬುಟ್ಟಿ ಹಿಡಿದು ಹೊರಟರು. ಮೊದಲ ದಿನ ಬಿದ್ದ ಹಣ್ಣು ಆರಿಸಿದಾಗ ಎಂಟು ಬುಟ್ಟಿ ತುಂಬಿದವು. ತಗ್ಗು ತೋಡಿ ಹೂಳಿದರು. ದಿನಾಲೂ ಹಾಗೆ ಮಾಡಿದರು. ಬಲಿತ ಕಾಯಿ ಬೇಗ ಇಳಿಸಿದರು. ಎರಡನೇ ಕೊಯ್ಲಿನಲ್ಲಿಯೂ ಹುಳ ಇತ್ತು. ಆದರೆ ಮೊದಲಿನಷ್ಟು ಇರಲಿಲ್ಲ. ಆ ವರ್ಷ ಸಾಲ ಪೂರಾ ತೀರಲಿಲ್ಲ. ಅದನ್ನು ನಾವು ಮುಚ್ಚಿಡುವುದಿಲ್ಲ. ತಡವಾಗಿ ಶುರು ಮಾಡಿದ್ದರಿಂದ ಹಾಗಾಯಿತು.

ಮರುವರ್ಷ ಅವರು ಶಿವರಾತ್ರಿ ಮುಗಿಯುತ್ತಲೇ ಕೆಲಸ ಹಿಡಿದರು. ಮಗ್ಗಲ ತೋಟದ ಹೆಣ್ಣುಮಕ್ಕಳನ್ನೂ ಕರೆದರು. ಎಲ್ಲರೂ ಕೂಡಿ ಬಲೆ ತಂದರು. ಒಂದು ವಾರಕ್ಕೆ ಬಲೆಯಲ್ಲಿ ಹಿಡಿತುಂಬ ಸತ್ತ ನೊಣ ಬಿದ್ದಿದ್ದವು. ಅಜ್ಜಿ ಅದನ್ನು ನೋಡಿದರು. "ಹಣೇಬಾರಕ್ಕೂ ರೆಕ್ಕಿ ಇರ್ತಾವ ಅಂತ ನನಗ ಗೊತ್ತಿರಲಿಲ್ಲವಾ" ಎಂದು ನಕ್ಕರು. ಆ ಸಲ ಅವರ ಪೆಟ್ಟಿಗೆ ತಿರುಗಿ ಬರಲಿಲ್ಲ. ಹಳೆಯ ಸಾಲವೂ ತೀರಿತು.

ನೆನಪಿಡೋಣ

ಹುಳ ಹಣೇಬಾರವಲ್ಲ. ಅದು ನೊಣದ ಮರಿ.
ಉದುರಿದ ಹಣ್ಣು ನೊಣದ ತೊಟ್ಟಿಲು. ಅದನ್ನು ದಿನಾಲೂ ಆರಿಸೋಣ.
ಬಾಟಲಿಯ ಕಾಗದ ಓದದೆ ಮುಚ್ಚಳ ತೆಗೆಯಬಾರದು.
ಒಬ್ಬರು ಮಾಡಿದರೆ ಅರ್ಧ. ಊರೆಲ್ಲ ಮಾಡಿದರೆ ಪೂರಾ.

ಸಂಶಯ ಬಂದರೆ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಕೇಳಿರಿ. ಕಿಸಾನ್ ಕಾಲ್ ಸೆಂಟರಿಗೆ ಫೋನ್ ಮಾಡಬಹುದು. ನಂಬರು 1800-180-1551. ಇದಕ್ಕೆ ರೊಕ್ಕ ಇಲ್ಲ. ಎಣ್ಣಿ ಮೈಗೆ, ಹೊಟ್ಟೆಗೆ ಹೋಗಿ ಯಾರಿಗಾದರೂ ತ್ರಾಸಾದರೆ ತಡ ಮಾಡದೆ 108ಕ್ಕೆ ಫೋನ್ ಮಾಡಿರಿ. ದವಾಖಾನೆಗೆ ಹೋಗುವಾಗ ಬಾಟಲಿ ಮತ್ತು ಕಾಗದ ಸಂಗಡ ಒಯ್ಯಿರಿ. ಯಾವ ವಿಷ ಎಂದು ಡಾಕ್ಟರಿಗೆ ತಿಳಿಯಬೇಕು.

ಓದಿ, ಉತ್ತರ ಬರೆಯಿರಿ

1. ಹಣ್ಣು ನೊಣ ತತ್ತಿಯನ್ನು ಎಲ್ಲಿ ಇಡುತ್ತದೆ?
2. ಹುಳ ಕೋಶ ಆಗುವುದು ಎಲ್ಲಿ?
3. ಎಣ್ಣಿ ಹೊಡೆದರೂ ಹಣ್ಣಿನೊಳಗಿನ ಹುಳ ಏಕೆ ಸಾಯುವುದಿಲ್ಲ?
4. ಬಾಟಲಿಯ ಮೇಲೆ ಕೆಂಪು ಬಣ್ಣ ಇದ್ದರೆ ಏನು ಅರ್ಥ?

ಲೆಕ್ಕ ಮಾಡೋಣ

ಒಂದು ಗಿಡದ ಕೆಳಗೆ 10 ಕೆಟ್ಟ ಹಣ್ಣು ಬಿದ್ದಿವೆ. ಒಂದೊಂದರಲ್ಲಿ 20 ಹುಳ ಇವೆ ಎಂದು ಇಟ್ಟುಕೊಳ್ಳಿ. ಒಟ್ಟು ಹುಳ ಎಷ್ಟು? ಅದರಲ್ಲಿ ಅರ್ಧ ಹೆಣ್ಣು ನೊಣ ಆದರೆ ಎಷ್ಟು? ಆ 10 ಹಣ್ಣು ಆರಿಸಲು ನಿಮಗೆ ಎಷ್ಟು ಹೊತ್ತು ಬೇಕು?

ಮಾಡಿ ನೋಡೋಣ

ಒಂದು ಕೊಳೆತ ಮಾವಿನ ಹಣ್ಣನ್ನು ಗಾಜಿನ ಬಾಟಲಿಯಲ್ಲಿ ಇಡಿರಿ. ತಳದಲ್ಲಿ ನಾಲ್ಕು ಬೆರಳು ಹಸಿ ಮಣ್ಣು ಇರಲಿ. ಬಾಯಿಗೆ ತೆಳು ಅರಿವೆ ಕಟ್ಟಿರಿ. ಎರಡು ಮೂರು ವಾರ ನೋಡುತ್ತಿರಿ. ಏನು ಹಾರಿತು ಎಂದು ನಿಮ್ಮ ನೋಟಬುಕ್ಕಿನಲ್ಲಿ ಬರೆಯಿರಿ. ನೋಡಿ ಆದ ಮೇಲೆ ನೊಣಗಳನ್ನು ಹೊರಗೆ ಬಿಡಬೇಡಿ. ಬಾಟಲಿಯನ್ನು ಬಿಸಿಲಿಗೆ ಇಟ್ಟು, ಆಮೇಲೆ ಹೂಳಿರಿ.

ಹೊಸ ಪದಗಳು

ಸರಪಳಿ, ಕೋಶ, ಸಿಂಪಡಿಸು, ಬಾಧಿತರು, ನಿಷೇಧ, ತಪಾಸಣೆ.

ಈ ಪದಗಳನ್ನು ಎರಡು ಸಲ ಬರೆಯಿರಿ. ಪಾಠವನ್ನು ಇವತ್ತು ರಾತ್ರಿ ಮನೆಯಲ್ಲಿ ಗಟ್ಟಿಯಾಗಿ ಓದಿರಿ. ನಾಳೆ ಬೆಳಿಗ್ಗೆ ಬುಟ್ಟಿ ಹಿಡಿದು ಗಿಡದ ಕಡೆ ಹೋಗೋಣ.